ಮಾವನ ಬಿಸಿ ಸೂಜಿ

ನಮ್ಮ ಸೋದರಮಾವನಿಗೆ ತಲೆ ಸರಿಯಿಲ್ಲ ಎಂದು ಹೊಸದುರ್ಗದಲ್ಲಿ ಯಾರೂ ಎದುರಿಗೆ ಹೇಳುತ್ತಿರಲಿಲ್ಲ. ಹೇಳಿದವರ ತೋಟದ ಮೋಟರು ರಿಪೇರಿಯಾಗುತ್ತಿರಲಿಲ್ಲ, ಅಷ್ಟೇ! ಸುಟ್ಟ ಮೋಟರಿಗೆ ತಂತಿ ಸುತ್ತುವುದು ಅವರ ಕಸುಬು. ಎಪ್ಪತ್ತರ ದಶಕದಲ್ಲಿ ಒಂದು ವರ್ಷ ಮೋಟರುಗಳನ್ನೆಲ್ಲ ಮೂಲೆಗೆ ತಳ್ಳಿ, ಮರದ ಹಲಗೆಯ ಮೇಲೆ ಅಕ್ಷರ ಸುಡುವ ಯಂತ್ರ ಮಾಡಲು ಕೂತುಬಿಟ್ಟರು.

ಯಂತ್ರವೆಂದರೇನು? ಹಳೇ ಹೊಲಿಗೆ ಮಿಷಿನ್ನಿನ ಹಿಡಿಕೆ, ಒಂದು ಸೂಜಿ, ಲಾರಿ ಬ್ಯಾಟರಿ, ಎಣ್ಣೆ ಡಬ್ಬ ಕತ್ತರಿಸಿ ಅಲ್ಲಲ್ಲಿ ತೂತು ಕೊರೆದ ಉದ್ದನೆಯ ತಗಡಿನ ಪಟ್ಟಿ. ಹಿಡಿಕೆ ತಿರುಗಿಸಿದರೆ ಅಕ್ಷರ ಕೊರೆದ ಮರದ ಅಚ್ಚಿನ ಜಾಡು ಹಿಡಿದು ಸೂಜಿ ಓಡುತ್ತಿತ್ತು, ಜೊತೆಗೇ ಪಟ್ಟಿಯೂ ಸರಿಯುತ್ತಿತ್ತು. ತಗಡಿದ್ದ ಕಡೆ ಕರೆಂಟು ಹರಿದು ಸೂಜಿ ಕಾಯುತ್ತಿತ್ತು. ತೂತಿದ್ದ ಕಡೆ ಕರೆಂಟು ನಿಲ್ಲುತ್ತಿತ್ತು. ಅಕ್ಷರ ಬಂದಾಗ ಸುಡು, ಮುಗಿದಾಗ ಸುಮ್ಮನಿರು, ಇಷ್ಟೇ ಅಪ್ಪಣೆ. ಕುಂಚದಲ್ಲಿ ಬರೆದರೆ ಆಗದೇ ಎಂದು ಕೇಳಿದವರಿಗೆ ಮಾವ ಚಹಾ ಕುಡಿಸಿ ಕಳಿಸುತ್ತಿದ್ದರು.

ಮೊದಲ ಹಲಗೆ ಪಕ್ಕದ ತೆಂಗಿನಕಾಯಿ ಮಂಡಿಯ ಬೋರ್ಡು. ಕರೆಂಟೇನೋ ಹೇಳಿದ ಕಡೆ ನಿಂತಿತು. ಕಾದ ಸೂಜಿ ಆರಬೇಕಲ್ಲ? ಒಂದಕ್ಷರದಿಂದ ಇನ್ನೊಂದಕ್ಕೆ ಹೋಗುವಾಗಲೂ ಸುಡುತ್ತಲೇ ಹೋಯಿತು. ಅಕ್ಷರಗಳ ನೆತ್ತಿಯ ಮೇಲೆಲ್ಲ ಒಂದೇ ಕಪ್ಪು ಗೆರೆ! ಮಂಡಿಯ ಸಾಹುಕಾರರು ಹಲಗೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಕನ್ನಡ ಬರೀರಿ ಅಂದ್ರೆ ಹಿಂದಿ ಬರ್ದೀರಲ್ಲ?”

ಎರಡನೆಯದು ಐಮಂಗಲದ ಗೆಳೆಯರ ಹೋಟೆಲಿನದು. ಸೂಜಿ ಆರಲೆಂದು ಈ ಸಲ ಮಾವ ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿದರು. ಆದರೆ ಪಟ್ಟಿ ಒಂದಿಷ್ಟು ಜಾರಿ, ಸೂಜಿ ಅಕ್ಷರ ಬಂದಾಗ ಸುಮ್ಮನಿದ್ದು, ಮುಗಿದಾಗ ಸುಟ್ಟಿತು. ಹಲಗೆಯಲ್ಲಿ ಹೋಟೆಲಿನ ಹೆಸರೊಂದನ್ನು ಬಿಟ್ಟು ಮಿಕ್ಕೆಲ್ಲ ಇತ್ತು.

ನಾವು ನಕ್ಕೆವು. ನಗದೇ ಇದ್ದವರು ಅತ್ತೆ. ಅವರು ಶಾಲೆಯಲ್ಲಿ ಕನ್ನಡ ಮೇಡಂ ಆಗಿದ್ದವರು. ಆ ವರ್ಷದ ಮೊದಲಿನಿಂದ ಅವರ ಕಣ್ಣು ಮಂಜಾಗುತ್ತ ಬಂದು, ದೀಪಾವಳಿಯ ಹೊತ್ತಿಗೆ ಏನೂ ಕಾಣದಾಯಿತು. ಚಿತ್ರದುರ್ಗದ ಡಾಕ್ಟರು ಕೈಚೆಲ್ಲಿದರು. ಅಡುಗೆಯನ್ನು ಹೇಗೋ ತಡವರಿಸಿ ಮಾಡುತ್ತೇನೆ, ಓದುವುದೊಂದು ಹೋಯಿತಲ್ಲ ಎಂದು ಒಮ್ಮೆ ಅಂದರು. ಮತ್ತೆ ಆ ಮಾತೆತ್ತಲಿಲ್ಲ.

ಮಾವ ಬಾಗಿಲ ಕರೆಂಟು ಗಂಟೆಯೊಳಗಿನ ಅಯಸ್ಕಾಂತ ಕಿತ್ತು ಸೂಜಿಗೆ ಜೋಡಿಸಿದರು. ಕರೆಂಟು ಇರುವಷ್ಟು ಹೊತ್ತು ಅದು ಸೂಜಿಯನ್ನು ಹಲಗೆಗೆ ಒತ್ತುತ್ತಿತ್ತು. ನಿಂತ ಕೂಡಲೇ ಸ್ಪ್ರಿಂಗು ಮೇಲೆತ್ತುತ್ತಿತ್ತು. ಬೇಡದ ಗೆರೆ ಅಲ್ಲಿಗೆ ಮಾಯವಾಯಿತು.

ಒಂದು ಮಧ್ಯಾಹ್ನ ಊಟ ಮುಗಿಸಿ, ಹೊಸ ಹಲಗೆಯನ್ನು ತಂದು ಅತ್ತೆಯ ಮಡಿಲಲ್ಲಿಟ್ಟರು. ಅವರ ಬೆರಳು ಹಿಡಿದು, ಆಳವಾಗಿ ಸುಟ್ಟ ಮೊದಲ ಅಕ್ಷರದ ಮೇಲಿಟ್ಟರು. ಬೆರಳು ನಿಧಾನವಾಗಿ ಸುತ್ತಿತು, ನಿಂತಿತು, ಮುಂದಿನದಕ್ಕೆ ಹೋಯಿತು. ಎದುರಿಗೆ ಎಂದೂ ಹೊಗಳದ ಮಾವ ಬರೆದದ್ದು ಮೂರೇ ಮಾತು: ‘ನಿನ್ನ ಸಾರು ಚನ್ನಾಗಿತ್ತು.’

ಅತ್ತೆ ಕೊನೆಯ ಅಕ್ಷರದವರೆಗೂ ಮುಟ್ಟಿ ನೋಡಿದರು. ಆಮೇಲೆ ಬೆರಳನ್ನು ಹಿಂದಕ್ಕೆ ತಂದು ಒಂದು ಕಡೆ ನಿಲ್ಲಿಸಿದರು.

“ಇಲ್ಲಿ ಎತ್ವ ಬಿಟ್ಟೀರಲ್ರಿ. ಚೆನ್ನಾಗಿತ್ತು ಅಂತ ಆಗ್ಬೇಕು.”

ತಪ್ಪು ಹಿಡಿಸಿಕೊಂಡು ಅಷ್ಟು ಹಿಗ್ಗಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಮಾವ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು.

“ಹಂಗಾದ್ರೆ ಓದಾಕೆ ಬಂತು,” ಎಂದರು.

ಅತ್ತೆಗೆ ಅದು ಕೇಳಿಸಿತೋ ಇಲ್ಲವೋ. ಅವರು ಆಗಲೇ ಮೊದಲಿನಿಂದ ಮತ್ತೆ ಓದತೊಡಗಿದ್ದರು.