ಕೊಯ್ಯದೆ ತಿಳಿಯುವ ವಿದ್ಯೆ

ಒಳಗೆ ಏನಿದೆ ಎಂದು ನೋಡದೆ ಸುಮ್ಮನಿರುವುದು ನನ್ನಿಂದಾಗದು. ಚಿಕ್ಕಂದಿನಲ್ಲಿ ನಮ್ಮ ಮನೆಯ ಗಡಿಯಾರ ನಿಂತದ್ದು ಇದರಿಂದಲೇ. ಕಾರವಾರದ ಪ್ರಯೋಗಾಲಯದಲ್ಲಿ ರಕ್ತಕಣ ಪರೀಕ್ಷಿಸುವ ಕೆಲಸ ಸಿಕ್ಕಾಗ, ಈ ಚಟಕ್ಕೆ ಸಂಬಳವೂ ಉಂಟಲ್ಲ ಎಂದು ಹಿಗ್ಗಿದ್ದೆ.

ನಮ್ಮ ರಕ್ತದಲ್ಲಿ ಸಹಾಯಕ ಟಿ ಕಣಗಳೆಂಬುವು ಇವೆ. ರೋಗ ಬಂದಾಗ ಉಳಿದ ಕಣಗಳನ್ನು ಕರೆದು ಕೆಲಸಕ್ಕೆ ಹಚ್ಚುವುದು ಅವುಗಳ ಕಸುಬು. ಕೆಲವು ಮಾತ್ರ ಕರೆಯುತ್ತ ಕೂರದೆ, ತಾವೇ ಹೋಗಿ ರೋಗ ಹಿಡಿದ ಕಣವನ್ನು ಕೊಂದುಬಿಡುತ್ತವೆ. ಅಂಥವನ್ನು ಜೀವಂತವಾಗಿ ಬೇರ್ಪಡಿಸಿ ಕೊಡಿ ಎಂದಿದ್ದರು ನಮ್ಮ ಡಾಕ್ಟರಮ್ಮ. ಕೊಲ್ಲುವ ವಿಷ ಇರುವುದು ಕಣದ ಒಳಗೆ. ನಾನು ಪೊರೆಗೆ ತೂತು ಮಾಡಿ, ಒಳಗೆ ಬಣ್ಣ ಬಿಟ್ಟು, ಕೊಲ್ಲುವವನ್ನೆಲ್ಲ ಖಚಿತವಾಗಿ ಗುರುತಿಸಿದೆ. ಎಲ್ಲವೂ ಸತ್ತಿದ್ದವು. ಬಿಣಗಾದ ಅಜ್ಜರೊಬ್ಬರು ಬಸ್ಸು ಹಿಡಿದು ಬಂದು ಕೊಟ್ಟ ರಕ್ತ ಅದು. "ಸೋಮವಾರ ಇನ್ನೊಂದು ಸಲ ಕೊಡ್ತಾರಂತೆ. ಮೂರನೇ ಸಲ ಕೇಳೋಕೆ ನನಗೆ ಮುಖವಿಲ್ಲ. ಹೊರಗಿನ ಗುರುತು ನೋಡಿ," ಎಂದರು ಡಾಕ್ಟರಮ್ಮ.

ಭಾನುವಾರ ಅಗಸೂರಿನ ಅತ್ತೆಮನೆಗೆ ಹೋದೆ. ಅತ್ತೆ ಅಂಕೋಲೆ ಪೇಟೆಗೆ ಒಯ್ಯುವ ಮಾವಿನಹಣ್ಣು ವಿಂಗಡಿಸುತ್ತಿದ್ದರು: ಹೆಚ್ಚು ಸಿಹಿಯ ಕರಿ ಇಶಾಡ ಜಾತಿಯದು ಒಂದು ಬುಟ್ಟಿಗೆ, ಬಿಳಿ ಇಶಾಡ ಇನ್ನೊಂದಕ್ಕೆ. ಸಹಾಯಕ್ಕೆಂದು ಕುಳಿತೆ. ಸಂಶಯ ಬಂದದ್ದನ್ನು ಕೊಯ್ದು ನೋಡಿದೆ. ನಾಲ್ಕನೆಯ ಹಣ್ಣಿಗೆ ಅತ್ತೆ ಚಾಕು ಕಸಿದುಕೊಂಡರು.

"ಎಂತ ಮಾಡ್ತ್ರಿ ಅಳಿಯಾ? ಕೊಯ್ದ ಹಣ್ಣು ಯಾರು ತಕಣ್ತಾರೆ?"

"ಕರಿ ಇಶಾಡವೇ ಅಂತ ಖಚಿತ ಆಯ್ತಲ್ಲ ಅತ್ತೆ."

"ಆಯ್ತು, ಖಚಿತ ಆಯ್ತು. ಈಗ ನಾಲ್ಕೂ ನೀವೇ ತಿನ್ನಿ."

ತಿನ್ನುತ್ತಿದ್ದಾಗ ಪಾಠವೂ ಆಯಿತು. "ಸಿಪ್ಪೆ ಮುಟ್ಟಿ ನೋಡೂದು, ತೊಟ್ಟು ನೋಡೂದು, ಮೂಸಿ ನೋಡೂದು. ಒಂದನ್ನೇ ನಂಬಿದ್ರೆ ಮೋಸ. ಮೂರೂ ಹೌದು ಅಂದ್ರೆ ಬುಟ್ಟಿಗೆ ಹಾಕಿ."

ಸೋಮವಾರ ಅಜ್ಜ ಬಂದರು. ನಾನು ಕಣಗಳ ಹೊರಮೈಯ ಮೂರು ಗುರುತುಗಳಿಗೆ ಮೂರು ಬಣ್ಣ ಅಂಟಿಸಿ, ಮೂರನ್ನೂ ಹೊತ್ತವನ್ನಷ್ಟೇ ಯಂತ್ರದಿಂದ ಬೇರ್ಪಡಿಸಿದೆ. ಚಟ ಪೂರ್ತಿ ಬಿಟ್ಟಿಲ್ಲ. ಖಾತ್ರಿಗೆಂದು ಅದರಲ್ಲಿ ಒಂದು ಹನಿಯನ್ನು ಮಾತ್ರ ಹಳೆಯ ರೀತಿಯಲ್ಲಿ ನೋಡಿದೆ. ವಿಷವಿತ್ತು. ಉಳಿದವೆಲ್ಲ ಜೀವಂತ. ಡಾಕ್ಟರಮ್ಮ ಅಜ್ಜರಿಗೆ ತಾವೇ ಚಹಾ ತರಿಸಿಕೊಟ್ಟರು.

ಮುಂದಿನ ಭಾನುವಾರ ಅತ್ತೆಯೆದುರು ಕೊಚ್ಚಿಕೊಂಡೆ: "ಸಹಾಯಕರ ನಡುವೆ ಕೊಲ್ಲುವವರು ಯಾರು ಅಂತ ಹೊರಗಿನಿಂದಲೇ ಕಂಡುಹಿಡಿದೆ, ಅತ್ತೆ."

ಅತ್ತೆ ತಲೆ ಎತ್ತಲಿಲ್ಲ. "ಅದೆಂತ ದೊಡ್ಡದು? ನಂಗೆ ಆವತ್ತೇ ಗುರ್ತಾಗಿತ್ತು. ಇಸ್ತ್ರಿ ಅಂಗಿ, ಕೈಲಿ ಚಾಕು, 'ಸಹಾಯ ಮಾಡ್ಲಾ' ಅಂಬ ಬಾಯಿ. ಮೂರೂ ಇತ್ತು."

ಈಗ ಆ ಮನೆಯಲ್ಲಿ ನನಗೆ ಬುಟ್ಟಿ ಹೊರುವ ಕೆಲಸ ಮಾತ್ರ. ಬಸ್ ಸ್ಟಾಪಿನವರೆಗೆ ನಿಷ್ಠೆಯಿಂದ ಹೊರುತ್ತೇನೆ. ಬುಟ್ಟಿಯ ಬಾಯನ್ನು ಅತ್ತೆ ಮೊದಲೇ ಹೊಲಿದಿರುತ್ತಾರೆ.