ತಂಬಿಗೆ ಕಟ್ಟಿದ ಸೈಕಲ್ಲು

ನಮ್ಮ ಕಾಕಾನನ್ನು ಲಿಂಬೆಹಣ್ಣು ತರಲು ಕಳಿಸಿದರೆ ಲಿಂಬೆಹಣ್ಣು ಬರುವುದು ಗ್ಯಾರಂಟಿ. ಯಾವ ಹೊತ್ತಿಗೆ ಎಂಬುದಷ್ಟೇ ದೇವರಿಗೆ ಬಿಟ್ಟಿದ್ದು! ಒಮ್ಮೆ ಬೆಳಗಿನ ಉಪ್ಪಿಟ್ಟಿಗೆಂದು ಹೋದವನು ಸಂಜೆ ಬಂದ. ಅಂಗಡಿಯ ಪಕ್ಕದಲ್ಲೊಂದು ಕಾಲುದಾರಿ ಕಂಡಿತಂತೆ, ಅದು ಎಲ್ಲಿಗೆ ಹೋಗುತ್ತದೆಂದು ನೋಡಬೇಡವೇ? ಅದು ತಾವರೆಕೆರೆಯೊಂದಕ್ಕೆ ಹೋಗುತ್ತಿತ್ತಂತೆ. ಹೇಳುವಾಗ ಅವನ ಕಣ್ಣು ಇನ್ನೂ ಆ ಕೆರೆಯಲ್ಲೇ ಇತ್ತು. ಅವನ ಹೆಂಡತಿ, ನಮ್ಮ ಕಾಕು, ಆ ಲಿಂಬೆಹಣ್ಣನ್ನು ಉಪ್ಪಿನಕಾಯಿಗೆ ಹಾಕಿದಳು.

ಇದು ಎರಡು ಸಾವಿರದ ಎಂಟರ ಸುಮಾರಿನ ಮಾತು. ನಾವೆಲ್ಲ ವಿಜಾಪುರದ ಕಡೆಯಿಂದ ಗೋವಾಕ್ಕೆ ಬಂದು ಮಡ್ಕಯಿಯಲ್ಲಿ ಕಾರ್ಖಾನೆ ಸೇರಿದವರು. ಒಂದೇ ಸಾಲಿನ ಬಾಡಿಗೆ ಖೋಲಿಗಳು. ಜೊತೆಯವರೆಲ್ಲ ಬೈಕು ಹತ್ತಿದರೂ ಕಾಕಾ ಮಾತ್ರ ಸೈಕಲ್ಲಿನಿಂದ ಇಳಿಯಲಿಲ್ಲ. ವಾರದ ರಜೆ ಬಂತೆಂದರೆ ಮಂಜು ಕರಗುವ ಮೊದಲೇ ಮಾಯ! ಅದರಲ್ಲೇನು ವಿಶೇಷ ಅನ್ನುತ್ತೀರಾ? ವಿಶೇಷವಿದ್ದದ್ದು ಹಿಂದಿನ ಕ್ಯಾರಿಯರಿನಲ್ಲಿ. ಅಲ್ಲೊಂದು ತಂಬಿಗೆ ಬಿಗಿದು, ಬಾಯಿಮಟ ನೀರು ತುಂಬಿಕೊಂಡು ಹೊರಡುತ್ತಿದ್ದ.

ನಮ್ಮ ಕಡೆಯವರು ನಸುಕಿನಲ್ಲಿ ತಂಬಿಗೆ ಹಿಡಿದು ಹೊರಟರೆ ಎಲ್ಲಿಗೆಂದು ಯಾರೂ ಕೇಳುವುದಿಲ್ಲ. ಆದರೆ ಬಯಲಿಗೆ ಹೋಗಲು ಈ ಮನುಷ್ಯ ಇಷ್ಟು ದೂರ ಯಾಕೆ ತುಳಿಯುತ್ತಾನೆ? ಇಡೀ ಸಾಲಿಗೆ ಅದೇ ಚಿಂತೆ. ಕೊನೆಗೆ ಪಕ್ಕದ ಖೋಲಿಯ ಅಜ್ಜ ಅವನನ್ನು ತಡೆದು, ಬಹಳ ಮರ್ಯಾದೆಯಿಂದಲೇ ಕೇಳಿದ: "ಕಾರ್ಖಾನಿ ಹಿಂದ ಇಷ್ಟ ಬಯಲ ಬಿದ್ದೈತಿ. ನಿಮಗ ಅದು ಹೊಂದೂದಿಲ್ಲೇನ್ರಿ?"

"ಅಲ್ಲಿ ದಾರಿ ಚಲೋ ಇಲ್ರಿ" ಎಂದು ಕಾಕಾ ಪೆಡಲ್ ತುಳಿದ. ಅಜ್ಜ ಆ ದಿನವಿಡೀ ಯೋಚಿಸುತ್ತ ಕುಳಿತಿದ್ದ.

ಇಡೀ ಸಾಲು ನಕ್ಕರೂ ಕಾಕು ಮಾತ್ರ ನಗುತ್ತಿರಲಿಲ್ಲ. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತು ಜಾರಿ ಬಿದ್ದಾಗಿನಿಂದ ಅವಳ ನಡು ಹಿಡಿದುಕೊಂಡಿತ್ತು. ಬಸ್ಸು ಒಂದು ಗುಂಡಿಗೆ ಇಳಿದರೆ ಕಣ್ಣಲ್ಲಿ ನೀರು. ಹಾಗಾಗಿ ಗೋವಾದಲ್ಲಿದ್ದೂ ಸಮುದ್ರ ಕಂಡಿರಲಿಲ್ಲ. ಊರಿನಿಂದ ತಂಗಿ ಫೋನು ಮಾಡಿ ಸಮುದ್ರ ಹೇಗಿದೆಯೆಂದು ಕೇಳಿದರೆ, ಭಾಳ ದೊಡ್ಡದೈತಿ, ನೀಲಿ ಐತಿ ಎಂದು ಅಂದಾಜಿನಲ್ಲಿ ವರ್ಣಿಸುತ್ತಿದ್ದಳು. ಫೋನಿಟ್ಟ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

ಒಂದು ಭಾನುವಾರ ಕುತೂಹಲ ತಡೆಯದೆ ನಾನೂ ಒಂದು ಸೈಕಲ್ ಇಸಿದುಕೊಂಡು ಕಾಕಾನ ಬೆನ್ನು ಹತ್ತಿದೆ. ಗದ್ದೆಗಳ ಮೇಲೆ ಮಂಜು, ನೀರಿನಲ್ಲಿ ತಲೆಕೆಳಗಾಗಿ ನಿಂತ ತೆಂಗಿನಮರಗಳು, ಎಲ್ಲೋ ದೂರದಲ್ಲಿ ಪಾವ್ ಮಾರುವವನ ಹಾರ್ನು. ನನಗೆ ಕಾರ್ಖಾನೆ, ಪಾಳಿ ಎಲ್ಲ ಮರೆತೇ ಹೋಯಿತು. ಕಾಕಾ ಮಾತ್ರ ಆಗಾಗ ಇಳಿದು ತಂಬಿಗೆಯೊಳಗೆ ಇಣುಕುತ್ತಿದ್ದ. ನೀರು ಚೆಲ್ಲಿದ್ದರೆ ತಲೆಯಾಡಿಸಿ ಬೇರೆ ದಾರಿ ಹಿಡಿಯುತ್ತಿದ್ದ. ಏನಿದು ಎಂದು ಕೇಳಿದೆ.

"ನಿಮ್ಮ ಕಾಕುನ್ನ ಕುಂದರಿಸಿಕೊಂಡು ಬರಬೇಕಲ್ಲೋ. ನೀರು ತುಳುಕದ ದಾರಿ ಹುಡುಕಾಕತ್ತೇನಿ."

ನನಗೆ ಅಳುವೇ ಬಂತು. ಮೊದಮೊದಲು ದಾರಿ ಹುಡುಕುವುದಷ್ಟೇ ಆಗಿತ್ತಂತೆ. ಆಮೇಲೆ ತಿರುವಿನಾಚೆ ಏನಿದೆಯೋ ಎಂಬ ಹುಚ್ಚೂ ಹತ್ತಿತು ಎಂದು ನಾಚಿಕೊಂಡ.

ಚಳಿ ಮುಗಿಯುವ ಹೊತ್ತಿಗೆ ದಾರಿ ಸಿಕ್ಕಿತು. ಕ್ಯಾರಿಯರಿಗೆ ಕೌದಿ ಮಡಚಿ ಹಾಸಿ ಕಾಕುವನ್ನು ಕೂರಿಸಿದ. ಅವನು ಎಷ್ಟು ನಿಧಾನ ತುಳಿದನೆಂದರೆ, ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದ ಬೆಳ್ಳಕ್ಕಿಯೊಂದು ನಮ್ಮನ್ನು ಹಿಂದೆ ಹಾಕಿತು! ಹಿಂದಿನಿಂದ ಬರುತ್ತಿದ್ದ ನನಗೆ ಕಾಕು ಒಮ್ಮೆಯೂ ನರಳಿದ್ದು ಕೇಳಲಿಲ್ಲ.

ದಾರಿ ಮುಗಿದದ್ದು ಜುವಾರಿ ಹೊಳೆಯ ದಂಡೆಯಲ್ಲಿ. ಮಂಜಿನಲ್ಲಿ ಆಚೆ ದಡವೇ ಕಾಣುತ್ತಿರಲಿಲ್ಲ. ಕಾಕು ಇಳಿದು, ಸೆರಗು ಸರಿ ಮಾಡಿಕೊಂಡು ಕೈಮುಗಿದಳು.

"ಇದ ಏನ್ರಿ ಸಮುದ್ರ?"

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಾಕಾ ತಲೆ ತಗ್ಗಿಸಿದ. "ಅಲ್ಲ, ಇದು ಹೊಳಿ. ಸಮುದ್ರ ಇನ್ನೂ ಮುಂದೈತಿ. ನನಗ ಇಲ್ಲೀತನಕ ಅಷ್ಟ ದಾರಿ ಸಿಕ್ಕೇತಿ."

ಮಂಜಿನೊಳಗಿಂದ ಫೆರಿ ಬೋಟು ಮೆಲ್ಲಗೆ ಹೊರಬಂದು ದಂಡೆಗೆ ತಾಗಿತು. ಅದನ್ನು ನೋಡುತ್ತಲೇ ಕಾಕು ಕೌದಿ ಕೊಡವಿ ಮತ್ತೆ ಕ್ಯಾರಿಯರಿಗೆ ಹಾಸಿದಳು.

"ಮತ್ತ ಇಲ್ಲ್ಯಾಕ ನಿಂತೀರಿ?"