ಮಾವನವರ ದೋಣಿಯ ಬಣ್ಣ

ಹಸಿರು ಎಂದರೆ ಒಂದೇ ಬಣ್ಣ ಎಂದು ನಂಬಿರುವ ಪುಣ್ಯವಂತರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಊಟ ರುಚಿಸುತ್ತದೆ, ನಿದ್ದೆ ಬರುತ್ತದೆ, ಹೆಂಡತಿ ಅವರೊಡನೆ ಮಾತಾಡುತ್ತಾಳೆ. ಎರಡು ವರ್ಷದ ಹಿಂದೆ ನಾನೂ ಅವರಲ್ಲೊಬ್ಬನಾಗಿದ್ದೆ.

ನನ್ನ ಮಾವನವರು ನಮ್ಮ ಮನೆಯಲ್ಲೇ ಇದ್ದಾರೆ. ಪ್ರಾಯದಲ್ಲಿ, ಯುದ್ಧದ ಕಾಲದಲ್ಲಿ, ಅವರು ಗಸ್ತು ತಿರುಗುವ ಟಾರ್ಪೆಡೊ ದೋಣಿಯೊಂದರಲ್ಲಿ ಇಂಜಿನ್ ಮೆಕ್ಯಾನಿಕ್ ಆಗಿದ್ದರು. ಎಂಬತ್ತು ಅಡಿಯ ಮರದ ದೋಣಿ. ಹಗಲೆಲ್ಲ ದಡದ ಮರಗಳ ನೆರಳಿನಲ್ಲಿ ಮೈ ಮರೆಸಿಕೊಂಡು ನಿಲ್ಲುವುದು, ಕತ್ತಲಾದ ಮೇಲೆ ಹೊರಟು ತನ್ನ ಹತ್ತರಷ್ಟಿರುವ ಹಡಗಿನ ಹೊಟ್ಟೆಗೆ ಟಾರ್ಪೆಡೊ ಬಿಟ್ಟು ಓಡಿಬರುವುದು ಅದರ ಕಸುಬು. ಯುದ್ಧ ಮುಗಿದ ಮೇಲೆ ಅಂಥ ದೋಣಿಗಳನ್ನೆಲ್ಲ ದಡಕ್ಕೆಳೆದು ಬೆಂಕಿಯಿಟ್ಟರಂತೆ. ಆ ಮಾತು ಬಂದಾಗಲೆಲ್ಲ ಮಾವನವರು ಕನ್ನಡಕ ತೆಗೆದು ಒರೆಸುತ್ತಾರೆ. ಅದರ ಗಾಜು ಶುಭ್ರವಾಗಿಯೇ ಇರುತ್ತದೆ.

ಅದನ್ನು ನೋಡಲಾರದೆ ನನಗೊಂದು ದಿವ್ಯ ಆಲೋಚನೆ ಹೊಳೆಯಿತು. ಆ ದೋಣಿಯನ್ನು ಮೊಳದುದ್ದಕ್ಕೆ ಕಿರಿದಾಗಿಸಿ, ನನ್ನ ಕೈಯಾರೆ ಮಾಡಿ, ಅವರ ಎಪ್ಪತ್ತೆಂಟನೇ ಹುಟ್ಟುಹಬ್ಬಕ್ಕೆ ಕೊಡುವುದು. ಅಲ್ಲಿಯವರೆಗೆ ಗುಟ್ಟು.

ಎಪ್ಪತ್ತೆಂಟು ಬಂದು ಹೋಯಿತು. ಎಪ್ಪತ್ತೊಂಬತ್ತೂ ಹೋಯಿತು. ದೋಣಿ ಎಂದೋ ಸಿದ್ಧವಾಗಿತ್ತು, ಬಣ್ಣವೊಂದನ್ನು ಬಿಟ್ಟು.

ಕಿಟಕಿಗೆ ಬಳಿದು ಉಳಿದ ಹಸಿರು ಅಟ್ಟದ ಮೇಲಿದೆ, ಅದನ್ನೇ ಬಳಿದು ಪುಣ್ಯ ಕಟ್ಟಿಕೊಳ್ಳಿ ಎಂದಳು ಹೆಂಡತಿ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಒಂದು ಅಲ್ಪವಿರಾಮ ಅತ್ತಿತ್ತ ಸರಿದರೂ ನನಗೆ ಅನ್ನ ಇಳಿಯುವುದಿಲ್ಲ. ಅಂಥವನು ಯುದ್ಧನೌಕೆಗೆ ಕಿಟಕಿಯ ಬಣ್ಣ ಬಳಿಯುವುದೇ?

ಸಂಶೋಧನೆಗೆ ಇಳಿದೆ. ಇಳಿದ ಮೇಲೆ ಅದು ಎಷ್ಟು ಆಳ ಎಂದು ತಿಳಿಯಿತು. ಕೆಲವು ದೋಣಿಗಳಿಗೆ ಪಟ್ಟೆ ಬಳಿದಿದ್ದರು, ಮೂತಿ ಯಾವುದು ಬಾಲ ಯಾವುದು ಎಂದು ಶತ್ರುವಿಗೆ ತಿಳಿಯದಿರಲೆಂದು. (ಈ ಉಪಾಯವನ್ನು ನಮ್ಮ ಕಚೇರಿಯ ಮ್ಯಾನೇಜರು ಬಣ್ಣವಿಲ್ಲದೆಯೇ ಸಾಧಿಸಿದ್ದಾರೆ.) ಕೆಲವು ದೋಣಿಗಳು ಕಡು ಹಸಿರು, ಕೆಲವು ಬೂದು ಬೆರೆತ ಹಸಿರು. ಇನ್ನು ಕೆಲವಕ್ಕೆ ಅಂದು ಡಬ್ಬಿಯಲ್ಲಿ ಏನಿತ್ತೋ ಅದು. ಫೋಟೋಗಳೆಲ್ಲ ಕಪ್ಪು ಬಿಳುಪು. ಅವುಗಳಲ್ಲಿ ಸಮುದ್ರವೂ ಬೂದು, ಕಾಡೂ ಬೂದು, ಭೂತಗನ್ನಡಿ ಹಿಡಿದು ನೋಡಿ ನೋಡಿ ಕೊನೆಗೆ ನನ್ನ ಮುಖವೂ ಬೂದು. ಇದೇ ಹುಚ್ಚಿನ ಇನ್ನೊಬ್ಬ ಮಹಾಶಯರೊಡನೆ ಪತ್ರವ್ಯವಹಾರ ಶುರುವಾಯಿತು. ಬೂದು ಎಷ್ಟು ಪಾಲು ಎಂಬ ಪ್ರಶ್ನೆಯ ಮೇಲೆ ಹನ್ನೊಂದನೇ ಪತ್ರಕ್ಕೆ ಅದು ಮುರಿದೂ ಬಿತ್ತು.

ಮಾವನವರನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಗುಟ್ಟು! ಆದರೂ ಒಂದು ದಿನ ಕಾಫಿ ಹೀರುತ್ತ, ಆಕಾಶ ನೋಡುತ್ತ, ಆಗಿನ ದೋಣಿಗಳೆಲ್ಲ ಯಾವ ಬಣ್ಣದಲ್ಲಿರುತ್ತಿದ್ದವೋ ಏನೋ ಎಂದು ಗಾಳಿಗೆ ಹೇಳಿದಂತೆ ಹೇಳಿದೆ. ತಾವು ಇಂಜಿನ್ ಕೋಣೆಯವರು, ತಮಗೆ ಕಂಡದ್ದು ಎಣ್ಣೆಯ ಬಣ್ಣವೊಂದೇ ಎಂದು ಮಾವನವರೂ ಆಕಾಶ ನೋಡುತ್ತಲೇ ಹೇಳಿದರು.

ಈ ನಡುವೆ ನನ್ನ ಪ್ರಯೋಗಗಳು ಸ್ನಾನದ ಮನೆಯ ಬಾಗಿಲಿನಿಂದ ಹೊರಟು, ಬೀರುವಿನ ಹಿಂಬದಿಯನ್ನು ವಶಪಡಿಸಿಕೊಂಡು, ಅಡುಗೆಮನೆಯ ಗೋಡೆಯವರೆಗೆ ಮುನ್ನಡೆದವು. ಅಲ್ಲಿ ಯುದ್ಧ ಘೋಷಣೆಯಾಯಿತು.

“ರೀ, ಅಪ್ಪನ ಬಲಗಣ್ಣು ಪೂರ್ತಿ ಮಬ್ಬಾಗಿದೆ,” ಎಂದಳು ಹೆಂಡತಿ. ದನಿ ಏರಿಸಲಿಲ್ಲ, ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. “ನಿಮ್ಮ ಸಂಶೋಧನೆ ಮುಗಿಯೋ ಹೊತ್ತಿಗೆ ಅವರಿಗೆ ಎಲ್ಲಾ ಬಣ್ಣನೂ ಒಂದೇ ಆಗಿರತ್ತೆ. ಎಂಬತ್ತಕ್ಕೆ ಕೊಡ್ತೀರೋ ಇಲ್ವೋ?”

ಕೊಡುತ್ತೇನೆ ಎಂದು ಮಾತು ಕೊಟ್ಟೆ. ಗೋಡೆ ಕೈತಪ್ಪಿತು, ಪ್ರಯೋಗಕ್ಕೆ ಮರವೇ ಬೇಕು. ಹಿತ್ತಿಲ ಮೂಲೆಯಲ್ಲಿ ಹಳೆಯ ಮರದ ಪೆಟ್ಟಿಗೆಯೊಂದಿತ್ತು. ಅಟ್ಟಕ್ಕೆ ಕೈ ಎಟುಕದಾಗ ಎಲ್ಲರೂ ಹತ್ತಿ ನಿಲ್ಲುತ್ತಿದ್ದದ್ದು ಅದರ ಮೇಲೆ. ಮೈಮೇಲೆ ಏನೋ ಕೊಳಕು ಬಣ್ಣ, ಚಕ್ಕೆ ಎದ್ದು ಹೋಗಿತ್ತು. ಮೂರು ಭಾನುವಾರ ಉಪ್ಪುಕಾಗದಕ್ಕೆ ನೀರು ಮುಟ್ಟಿಸಿ ಉಜ್ಜಿ ಉಜ್ಜಿ, ಆ ಕೊಳಕನ್ನು ಸಂದುಗೊಂದು ಬಿಡದೆ ತೆಗೆದು, ಮರವನ್ನು ಮಗುವಿನ ಕೆನ್ನೆಯಂತೆ ಮಾಡಿದೆ. ಅದರ ಮೇಲೆ ಇಪ್ಪತ್ತಮೂರು ಹಸಿರು ಚೌಕಗಳನ್ನು ಬರೆದು ಒಂದೊಂದಕ್ಕೂ ಸಂಖ್ಯೆ ಕೊಟ್ಟೆ. ಉಜ್ಜಿದ ಕೆಸರು ಹಾರಿ ನನ್ನ ಬಿಳಿ ಅಂಗಿ ಹಾಳಾಯಿತು. ನಾಲ್ಕು ಸಲ ಒಗೆದರೂ ಎದೆಯ ಮೇಲಿನ ಕಲೆ ಹೋಗಲಿಲ್ಲವೆಂದು ಹೆಂಡತಿ ಒಂದು ವಾರ ಗೊಣಗಿದಳು. ನಾನು ಹದಿನೇಳನೇ ಹಸಿರಿಗೂ ಹದಿನೆಂಟನೆಯದಕ್ಕೂ ನಡುವೆ ತೂಗಾಡುತ್ತಿದ್ದೆ. ಯಃಕಶ್ಚಿತ್ ಅಂಗಿಯ ಕಲೆಯ ಕಡೆ ನೋಡಲು ಪುರುಸೊತ್ತೆಲ್ಲಿ?

ಹದಿನೇಳು ಗೆದ್ದಿತು.

ಎಂಬತ್ತನೇ ಹುಟ್ಟುಹಬ್ಬದ ಬೆಳಿಗ್ಗೆ ದೋಣಿಯನ್ನು ಮಾವನವರ ತೊಡೆಯ ಮೇಲಿಟ್ಟೆ. ಅವರು ಬೆರಳಿನಿಂದ ಅದರ ಬೆನ್ನು ಸವರುತ್ತ ಹೋಗಿ, ಇಂಜಿನ್ ಕೋಣೆಯ ಪುಟ್ಟ ಮುಚ್ಚಳದ ಮೇಲೆ ನಿಲ್ಲಿಸಿದರು.

“ಇಲ್ಲಿಂದಲೇ ತಲೆ ಹೊರಗೆ ಹಾಕಿ ಉಸಿರು ತಗೊಳ್ತಾ ಇದ್ದೆ,” ಎಂದರು. ಮೊದಲ ವಾರದಿಂದಲೇ ತಮಗೆಲ್ಲ ಗೊತ್ತಿತ್ತೆಂದೂ, ನನ್ನ ಗುಟ್ಟು ಕೆಡಬಾರದೆಂದು ಬಾಯಿ ಬಿಡಲಿಲ್ಲವೆಂದೂ ಹೇಳಿದರು. ಆಮೇಲೆ ದೋಣಿಯನ್ನು ಎಡಗಣ್ಣಿನ ಹತ್ತಿರ ತಂದರು.

“ಬಣ್ಣ ಮಾತ್ರ ಸ್ವಲ್ಪ... ಏನಿಲ್ಲ ಬಿಡಿ ಅಳಿಯಂದಿರೇ. ನನ್ನ ಪೆಟ್ಟಿಗೆ ತನ್ನಿ, ತೋರಿಸ್ತೀನಿ. ದೋಣಿ ಸುಡೋ ಮುಂಚೆ ಅದರ ಹಲಗೆ ಕಿತ್ತು ನಾನೇ ಮಾಡಿಕೊಂಡಿದ್ದು. ಅದೇ ಹಲಗೆ, ಅದೇ ಬಣ್ಣ.”

“ಯಾವ ಪೆಟ್ಟಿಗೆ, ಮಾವ?” ಎಂದೆ. ಕಾಲ ಕೆಳಗಿನ ನೆಲ ಆಗಲೇ ಉತ್ತರ ಹೇಳುತ್ತಿತ್ತು.

“ಅದೇ, ಹಿತ್ತಿಲಲ್ಲಿರೋದು. ಎಲ್ಲರೂ ಹತ್ತಿ ನಿಲ್ತೀರಲ್ಲ.”

ತಂದೆ. ತರದೆ ಇನ್ನೇನು ಮಾಡಲಿ? ಮಾವನವರು ಇಪ್ಪತ್ತಮೂರು ಚೌಕಗಳನ್ನೂ ಒಂದೊಂದಾಗಿ ನೋಡಿದರು. ಯಾವುದೂ ಅಲ್ಲ. ಮುಚ್ಚಳ ಎತ್ತಿ ಒಳಗೆ ನೋಡಿದರು. ತಿರುಗುಣಿಯ ಸಂದಿಯಲ್ಲಿ ಉಗುರು ಹಾಕಿ ನೋಡಿದರು. ಅಲ್ಲೂ ಇಲ್ಲ, ಕರಡು ತಿದ್ದುವವನ ಕೆಲಸ ನೋಡಿ. ಅವರ ಭುಜ ಅಲುಗತೊಡಗಿದಾಗ ಅಳುತ್ತಿದ್ದಾರೆಂದು ಹೆದರಿದೆ.

“ನಮ್ಮ ದೋಣಿ ಯಾರಿಗೂ ಕಾಣಬಾರದು ಅಂತ ಆ ಬಣ್ಣ ಬಳಿದಿದ್ರು,” ಎಂದರು, ನಗು ತಡೆದುಕೊಂಡು. “ನೀವು ಬಣ್ಣವೇ ಕಾಣದ ಹಾಗೆ ಮಾಡಿದ್ರಿ. ನಿಮ್ಮಂಥವರು ಆಗ ನಮ್ಮ ಕಡೆ ಇರಬೇಕಿತ್ತು.”

ಹೆಂಡತಿ ನಗಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ಲಟ್ಟಣಿಗೆ ತರುತ್ತಾಳೇನೋ ಎಂದು ನಾನು ಬಾಗಿಲ ಕಡೆ ನೋಡಿಕೊಂಡೆ. ಅವಳು ತಂದದ್ದು ನೆಲ ಒರೆಸುವ ಬಟ್ಟೆ. ಕೊಡವಿ ಹಿಡಿದಾಗ ಅದು ನನ್ನ ಬಿಳಿ ಅಂಗಿ. ತೋಳು ಹರಿದು ತೆಗೆದಿದ್ದರೂ ಎದೆಯ ಕಲೆ ಹಾಗೇ ಇತ್ತು. ಮಂಜು ಬಿದ್ದ ಎಲೆಯಂಥ, ಬೂದಿಯೊಳಗೆ ಉಸಿರಾಡುವಂಥ ಹಸಿರು. ಎರಡು ವರ್ಷ ನಾಲ್ಕು ಗ್ರಂಥಾಲಯಗಳಲ್ಲಿ ಹುಡುಕಿದ್ದನ್ನು ಮೂರು ಭಾನುವಾರ ನನ್ನ ಎದೆಯ ಮೇಲೇ ಹೊತ್ತು ತಿರುಗಿದ್ದೆ.

ಮಾವನವರು ಆ ಒದ್ದೆ ಬಟ್ಟೆಯನ್ನು ಕೆನ್ನೆಗೊತ್ತುವಷ್ಟು ಹತ್ತಿರ ಹಿಡಿದರು. “ಇದೇ,” ಎಂದರು. ಕನ್ನಡಕ ತೆಗೆದರು, ಈ ಸಲ ಗಾಜು ನಿಜವಾಗಿಯೂ ಒದ್ದೆಯಾಗಿತ್ತು.

ಎಂಬತ್ತೊಂದಕ್ಕೆ ಖಂಡಿತ ಸರಿ ಮಾಡಿಕೊಡುತ್ತೇನೆ ಎಂದು ನಾನು ತೊದಲಿದೆ.

“ಎಂಬತ್ತೊಂದು ಯಾಕೆ? ಎಡಗಣ್ಣು ಇವತ್ತು ಚೆನ್ನಾಗಿದೆ,” ಎಂದು ಮಾವನವರು ದೋಣಿಯನ್ನು ನನ್ನ ಕೈಗಿಟ್ಟರು. “ಕೂತ್ಕೊಳ್ಳಿ, ಇಲ್ಲೇ ಕಲಸಿ.”

ಕೂತೆ. ತಂದೆ ಮಗಳು ಎದುರಿಗೆ ಕುರ್ಚಿ ಹಾಕಿಕೊಂಡು, ಅಂಗಿಯನ್ನು ನಡುವೆ ಹರಡಿಕೊಂಡು, ನನ್ನ ಕರಡು ತಿದ್ದತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಪ್ಪಿದರು. ಬೆರಕೆಯಲ್ಲಿ ಮುಕ್ಕಾಲು ಪಾಲು, ಅಟ್ಟದ ಮೇಲಿದ್ದ ಕಿಟಕಿಯ ಬಣ್ಣ.